ಒಂದು ಪದಕ್ಕೆ ಐದು ಪದ: ಶಹಾಬಾದ ಸೀಮೆಯ ಟಿಪ್ಪಣಿಗಳು

ಶಹಾಬಾದ, ಓದುವ ಕೋಣೆ

ಪರೀಕ್ಷೆಗೆ ಕೂತವರು ಓದುವ ಒಂದು ಕೋಣೆ. ಗೋಡೆಗೆ ಡ್ರಾಯಿಂಗ್ ಶೀಟು ಅಂಟಿಸಿದ್ದಾರೆ. ಎಡಗಡೆ ಒಂದು ಇಂಗ್ಲಿಷ್ ಪದ, ಬಲಗಡೆ ಅದರ ಸಮಾನಾರ್ಥಕಗಳ ಸಾಲು. ‘ಫ್ರೂಗಲ್’ ಎಂಬುದರ ಮುಂದೆ ಥ್ರಿಫ್ಟಿ, ಎಕನಾಮಿಕಲ್, ಸ್ಟಿಂಜಿ, ಮೈಸರ್ಲಿ. ಎಲ್ಲದರ ನಡುವೆಯೂ ಗಣಿತದಲ್ಲಿ ಹಾಕುವಂತೆ ಸಮ ಚಿಹ್ನೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗಳಲ್ಲಿ ಸಮಾನಾರ್ಥಕ, ವಿರುದ್ಧಾರ್ಥಕ, ಹಲವು ಪದಗಳಿಗೆ ಒಂದೇ ಪದ ಎಂಬ ಪ್ರಶ್ನೆಗಳು ಬರುತ್ತವೆ. ಬ್ಯಾಂಕಿನ ಪರೀಕ್ಷೆಗೂ ಇಂಗ್ಲಿಷ್ ಬಿಡುವ ಹಾಗಿಲ್ಲ. ಹಾಗಾಗಿ ಈ ಶೀಟನ್ನು ಬೆಳಿಗ್ಗೆ ಬಂದವರು ಒಮ್ಮೆ, ಸಂಜೆ ಹೋಗುವವರು ಒಮ್ಮೆ ತುಟಿ ಅಲ್ಲಾಡಿಸಿ ಓದುತ್ತಾರೆ.

ಅಲ್ಲಿ ಓದುವ ಹುಡುಗಿಯೊಬ್ಬಳನ್ನು ಫ್ರೂಗಲ್ಲಿಗೂ ಮೈಸರ್ಲಿಗೂ ಏನು ವ್ಯತ್ಯಾಸ ಎಂದು ಕೇಳಿದೆ.

“ಏನಿಲ್ರಿ ಸರ. ಎರಡೂ ಒಂದೇ. ಅಲ್ಲಿ ಬರದಾರಲ್ರಿ.”

“ಹಿಡಿತದ ಮನುಷ್ಯ ಅಂದ್ರೂ ಕಂಜೂಸ್ ಅಂದ್ರೂ ಒಂದೇ ಏನು?”

“ಹೆಂಗ್ ಒಂದಾಗ್ತದ್ರಿ?” ಅವಳ ದನಿ ಏರಿತು. “ನಮ್ಮಪ್ಪ ಖಣಿಗೆ ಹೋಗ್ತಾನ. ದುಡದದ್ದು ನೋಡ್ಕೊಂಡು ಖರ್ಚು ಮಾಡ್ತಾನ, ಖರೆ. ಆದ್ರ ನಮ್ಮ ಬುಕ್ಕಿಗೆ, ಫೀಸಿಗೆ ಎಂದೂ ಇಲ್ಲ ಅಂದಿಲ್ಲ. ಅವಂಗ ಹಿಡಿತದಾಂವ ಅನ್ರಿ, ನಡೀತದ. ಕಂಜೂಸ್ ಅಂದ್ರ ನಾ ಸುಮ್ನ ಇರಂಗಿಲ್ಲ.”

ಫ್ರೂಗಲ್ ಪದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಯಾವ ಕೋಶದಲ್ಲೂ ಓದಿಲ್ಲ. ದುಡಿದದ್ದನ್ನು ನೋಡಿ ಖರ್ಚು ಮಾಡುವವನು, ಬೇಕಾದ್ದಕ್ಕೆ ಇಲ್ಲ ಎನ್ನದವನು. ಫ್ರೂಗಲ್ ಹೊಗಳಿಕೆಯ ಕಡೆಗೆ ವಾಲುವ ಪದ, ಮೈಸರ್ಲಿ ಬೈಗುಳ. ಈ ಭೇದ ಅವಳ ರಕ್ತದಲ್ಲೇ ಇದೆ. ಹೀಗಿದ್ದೂ ಶೀಟಿನ ಮುಂದೆ ನಿಂತ ಕೂಡಲೇ ಅದು ಎಲ್ಲಿ ಮಾಯವಾಗುತ್ತದೆ? ಕನ್ನಡದಲ್ಲಿ ಇಷ್ಟು ಸೂಕ್ಷ್ಮವಾಗಿ ತೂಗುವವಳು ಇಂಗ್ಲಿಷಿನಲ್ಲಿ ನಾಲ್ಕು ಪದಗಳನ್ನು ಒಂದೇ ಬೆಲೆಗೆ ಯಾಕೆ ಕೊಳ್ಳುತ್ತಾಳೆ? ಈ ಟಿಪ್ಪಣಿಗಳನ್ನು ಬರೆಯುತ್ತಿರುವುದು ಆ ಪ್ರಶ್ನೆ ಬಗೆಹರಿಯದ್ದರಿಂದ.

ಅದೇ ಕೋಣೆ, ನಿಘಂಟಿನ ಕಪಾಟು

ಅಲ್ಲಿದ್ದ ಇಂಗ್ಲಿಷ್-ಕನ್ನಡ ಕೋಶದಲ್ಲಿ ಫ್ರೂಗಲ್ ತೆಗೆದರೆ ‘ಮಿತವ್ಯಯಿ’ ಎಂದಿದೆ. ಹುಡುಗಿ ಅದನ್ನು ವಹಿಯಲ್ಲಿ ಬರೆದುಕೊಂಡು, “ಮಿತವ್ಯಯಿ ಅಂದ್ರ ಏನ್ರಿ?” ಎಂದು ಕೇಳಿದಳು. ಗೊತ್ತಿಲ್ಲದ ಒಂದು ಪದದ ಜಾಗಕ್ಕೆ ಗೊತ್ತಿಲ್ಲದ ಇನ್ನೊಂದು ಬಂದು ಕೂತಿತು. 1755ರಲ್ಲಿ ಬಂದ ಸ್ಯಾಮ್ಯುಯೆಲ್ ಜಾನ್ಸನ್ನನ ಮಹಾಕೋಶದಲ್ಲೂ ಈ ತೊಂದರೆ ಇತ್ತು. ಬಲೆಯಂಥ ಹೆಣಿಗೆ ಎಂಬ ಅರ್ಥದ ‘ನೆಟ್‌ವರ್ಕ್’ ಪದಕ್ಕೆ ಅವನು ಕೊಟ್ಟ ವಿವರಣೆ ಬಲೆಗಿಂತ ಸಿಕ್ಕುಸಿಕ್ಕು ಎಂದು ಇಂಗ್ಲಿಷಿನವರೇ ಇವತ್ತಿಗೂ ಹೇಳುತ್ತಾರೆ.

ಇದಕ್ಕೆ ಮದ್ದು ಹುಡುಕಿದವರಲ್ಲಿ ಒಬ್ಬರು ನಮ್ಮ ಉಪಖಂಡದ ಶಾಲೆಯ ಹುಡುಗರನ್ನು ನೋಡಿಯೇ ಅದನ್ನು ಹುಡುಕಿದರು. ಮೈಕೆಲ್ ವೆಸ್ಟ್ ಇಂಡಿಯನ್ ಎಜುಕೇಶನ್ ಸರ್ವಿಸಿನಲ್ಲಿದ್ದವರು, ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರು. ಬಂಗಾಳಿ ಮಕ್ಕಳು ಇಂಗ್ಲಿಷ್ ಪುಸ್ತಕದಲ್ಲಿ ಎಲ್ಲಿ ಮುಗ್ಗರಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡವರು. 1935ರಲ್ಲಿ ಅವರು ಎಂಡಿಕಾಟ್ ಎಂಬವರ ಜೊತೆ ಸೇರಿ ತಂದ ‘ನ್ಯೂ ಮೆಥಡ್’ ನಿಘಂಟಿನಲ್ಲಿ ಸುಮಾರು 24,000 ಪದ-ಪದಗುಚ್ಛಗಳಿವೆ. ಅಷ್ಟನ್ನೂ ವಿವರಿಸಲು ಬಳಸಿದ್ದು 1,490 ಪದ ಮಾತ್ರ. ಆ 1,490 ಗೊತ್ತಿದ್ದ ಮಗು ಯಾರ ಸಹಾಯವೂ ಇಲ್ಲದೆ ಉಳಿದ ಪದಗಳ ಬಾಗಿಲು ತೆಗೆಯಬಹುದು. 1953ರಲ್ಲಿ ಅವರು ಸುಮಾರು 2,000 ಪದಗಳ ಒಂದು ಪಟ್ಟಿಯನ್ನೂ ಕೊಟ್ಟರು. ಸಾಮಾನ್ಯ ಇಂಗ್ಲಿಷ್ ಬರಹದಲ್ಲಿ ನೂರಕ್ಕೆ ಎಂಬತ್ತರಷ್ಟು ಪದಗಳು ಆ ಪಟ್ಟಿಯವೇ. 1978ರ ಲಾಂಗ್‌ಮನ್ ನಿಘಂಟು ಇದೇ ದಾರಿ ಹಿಡಿದು 2,000 ಪದಗಳ ಒಳಗೇ ಎಲ್ಲ ವಿವರಣೆ ಮುಗಿಸಿತು.

ಅಂದರೆ ಸುಲಭ ವಿವರಣೆ ಎಂಬುದು ಮಕ್ಕಳಿಗೆಂದು ನೀರು ಬೆರೆಸಿ ಕೊಟ್ಟದ್ದಲ್ಲ, ಬಹಳ ದುಡಿದು ಸಾಧಿಸಿದ ಸಂಗತಿ. ‘ಮಿತವ್ಯಯಿ’ ಎಂದು ಬರೆಯಲು ಒಂದು ಕ್ಷಣ ಸಾಕು. ಹತ್ತು ಸಣ್ಣ ಮಾತುಗಳಲ್ಲಿ ಅದನ್ನೇ ಹೇಳಬೇಕಾದರೆ ಅರ್ಥದ ಬುಡ ಗೊತ್ತಿರಬೇಕು. ಕನ್ನಡದಲ್ಲಿ ಆ ಶ್ರಮ ಪಟ್ಟವರು ಜಿ. ವೆಂಕಟಸುಬ್ಬಯ್ಯನವರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಒಂದೊಂದು ಪದಕ್ಕೂ ಮನೆಯ ಹಿರಿಯರು ಎದುರು ಕೂರಿಸಿಕೊಂಡು ಹೇಳುವ ಹಾಗೆ ಅವರು ಉತ್ತರ ಬರೆದರು. ನಮ್ಮ ಕಡೆಯ ಮಕ್ಕಳಿಗೆ ಇಂಗ್ಲಿಷ್ ಪದಗಳಿಗೂ ಅಂಥ ಉತ್ತರ ಬೇಕು, ಅದೂ ನಮ್ಮ ಕಡೆಯ ಕನ್ನಡದಲ್ಲಿ.

ಶಹಾಬಾದ, ಕಾಲ ಕೆಳಗೆ

‘ಫ್ಲ್ಯಾಗ್’ ಅಂದರೆ ಝೆಂಡಾ ಎಂದು ಒಂದನೆಯ ತರಗತಿಯ ಮಗುವಿಗೂ ಗೊತ್ತು. 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿರುವುದರಿಂದ ಈ ಪದ ಬೇಗ ಬಂದು ಸೇರಿದೆ. ಆದರೆ ಸ್ವಲ್ಪ ದೊಡ್ಡ ಇಂಗ್ಲಿಷ್ ನಿಘಂಟನ್ನು ತೆಗೆದರೆ ಅದೇ ಫ್ಲ್ಯಾಗಿಗೆ ಇನ್ನೊಂದು ಅರ್ಥವಿದೆ: ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು.

ಈ ಸೀಮೆಯ ನೆಲದಡಿ ಇರುವ ಪದರುಪದರಾದ ಸುಣ್ಣಕಲ್ಲಿಗೆ ಭೂವಿಜ್ಞಾನಿಗಳು ಊರಿನ ಹೆಸರನ್ನೇ ಇಟ್ಟು ‘ಶಹಾಬಾದ್ ಫಾರ್ಮೇಶನ್’ ಎನ್ನುತ್ತಾರೆ. ಭೀಮಾ ಸಮೂಹದ ಬಹಳ ಹಳೆಯ ಶಿಲೆ. ಅದರ ವರ್ಣನೆಯಲ್ಲಿ ‘ಫ್ಲ್ಯಾಗಿ ಲೈಮ್‌ಸ್ಟೋನ್’ ಎಂಬ ಮಾತು ಬರುತ್ತದೆ. ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಸುಣ್ಣಕಲ್ಲು ಎಂದು ಅರ್ಥ. ಆ ಕಲ್ಲು ದೇಶದ ಎಷ್ಟೋ ಊರುಗಳ ಪಡಸಾಲೆ, ಶಾಲೆ, ರೈಲು ನಿಲ್ದಾಣಗಳಲ್ಲಿ ಹಾಸಿಕೊಂಡಿದೆ. ನಮ್ಮ ಕಡೆ ಅದಕ್ಕೆ ಫರಸಿ ಎನ್ನುತ್ತಾರೆ. ಫರಸಿಯ ಮೇಲೆ ಕೂತು, ಫರಸಿ ಒಡೆದು ತಂದ ಹಣದಲ್ಲಿ ಕೊಂಡ ನಿಘಂಟನ್ನು ಓದುವ ಮಗುವಿಗೆ ಫ್ಲ್ಯಾಗ್ ಎಂದರೆ ಆಗಸ್ಟ್ 15ರ ಝೆಂಡಾ ಮಾತ್ರ.

ಇದನ್ನು ಖಣಿಯ ಕೆಲಸದ ಒಬ್ಬ ಕಾಕಾನಿಗೆ ಹೇಳಿದಾಗ ಅವರಿಗೆ ಖುಷಿಯಾಯಿತು. ಆಮೇಲೆ ಅವರೇ ನನಗೆ ಪಾಠ ಮಾಡಿದರು. ಬೆಣೆ ಹೊಡೆದು ಎಬ್ಬಿಸಿದ್ದು ಒಂದು, ಅಂಚು ಕೊಯ್ದು ಚೌಕ ಮಾಡಿದ್ದು ಒಂದು, ಪಾಲಿಶ್ ಹಿಡಿಸಿದ್ದು ಒಂದು. ಮೂರಕ್ಕೂ ಮೂರು ಹೆಸರು, ಮೂರು ದರ. “ಎಲ್ಲಾ ಕಲ್ಲೇ ಅದಾವು ಅಂತ ಒಂದೇ ಹೆಸರು ಹೇಳಿದ್ರ ಲಾರಿಯಂವ ಒಂದೇ ರೇಟ್ ಕೊಡ್ತಾನ್ರಿ.” ಇಂಗ್ಲಿಷಿನ ಸ್ಟೋನ್, ರಾಕ್, ಸ್ಲ್ಯಾಬ್, ಟೈಲ್, ಫ್ಲ್ಯಾಗ್‌ಸ್ಟೋನ್ ಕೂಡ ಹೀಗೇ. ಭೂಮಿಯಲ್ಲಿದ್ದಾಗ ರಾಕ್, ಕೈಗೆ ಸಿಕ್ಕಾಗ ಸ್ಟೋನ್, ದಪ್ಪ ಹಲಗೆಯಾಗಿ ಎದ್ದಾಗ ಸ್ಲ್ಯಾಬ್, ಅಂಗಳಕ್ಕೆ ಹಾಸಿದಾಗ ಫ್ಲ್ಯಾಗ್‌ಸ್ಟೋನ್, ಅಳತೆಗೆ ಕೊಯ್ದು ಅಂಟಿಸಿದಾಗ ಟೈಲ್. ಕಾಕಾ ಹೇಳಿದ ದರದ ಮಾತು ಸಮಾನಾರ್ಥಕಗಳ ಪಟ್ಟಿಗೂ ಸಲ್ಲುತ್ತದೆ.

ವಾಡಿ, ಕಾರ್ಖಾನೆಯ ಗೇಟಿನಾಚೆ

ಸಿಮೆಂಟು ಈ ಭಾಗಕ್ಕೆ ಹೊಸದಲ್ಲ. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನ ಸಿಮೆಂಟ್ ಕಂಪನಿಯೂ ಅದರಲ್ಲಿ ಒಂದು. ಹಾಗಾಗಿ ಮೂರು ತಲೆಮಾರಿನಿಂದ ಶಿಫ್ಟ್, ಓಟಿ, ಗೇಟ್‌ಪಾಸ್, ಕ್ರಷರ್, ಹಾಪರ್, ಕಿಲ್ನ್ ಎಂಬ ಪದಗಳು ಅಡುಗೆಮನೆಯ ತನಕ ಬಂದಿವೆ. ಇವನ್ನು ಯಾರೂ ಗೋಡೆಗೆ ಅಂಟಿಸಿ ಕಲಿಯಲಿಲ್ಲ.

ನಿವೃತ್ತ ನೌಕರರೊಬ್ಬರನ್ನು ಕೇಳಿದೆ: ಕ್ಲಿಂಕರ್ ಅಂದರೆ ಏನು?

“ಸುಣ್ಣದ ಕಲ್ಲು ಮಣ್ಣಿನ ಜೊತಿ ಅರದು ಭಟ್ಟಿಗೆ ಹಾಕ್ತಾರ. ಭಟ್ಟಿ ಮಲಗಿಸಿದ ಕೊಳವಿ ಇದ್ದಂಗ, ತಿರುಗ್ತಾ ಇರ್ತದ. ಸಾವಿರದ ನಾಕ್ನೂರ ಐವತ್ತು ಡಿಗ್ರಿ. ಸುಟ್ಟು ಹೊರಗ ಬರೂದ್ರೊಳಗ ಬೂದಿ ಬಣ್ಣದ ಗೋಲಿ ಗೋಲಿ ಆಗಿರ್ತದ. ಅದೇ ಕ್ಲಿಂಕರ್. ಅದಕ್ಕ ಸ್ವಲ್ಪ ಜಿಪ್ಸಮ್ ಹಾಕಿ ಅರದ್ರ ಸಿಮೆಂಟ್.”

ಒಂದೂ ಕಠಿಣ ಪದವಿಲ್ಲ. ಇಂಗ್ಲಿಷ್ ನಿಘಂಟುಗಳಲ್ಲಿ ಕ್ಲಿಂಕರಿಗೆ ಕಲ್ಲಿದ್ದಲು ಉರಿದ ಮೇಲೆ ಉಳಿಯುವ ಗಟ್ಟಿ ಕಿಟ್ಟ ಎಂಬ ಅರ್ಥ ಮುಂದೆ ನಿಲ್ಲುತ್ತದೆ. ವಾಡಿಯ ಮಗುವಿಗೆ ಬೇಕಾದ ಅರ್ಥ ಇವರ ಬಾಯಲ್ಲಿದೆ.

ಬಿಡದೆ ಇನ್ನೂ ಕೇಳಿದೆ. ಶಟ್‌ಡೌನ್, ಬ್ರೇಕ್‌ಡೌನ್, ಟ್ರಿಪ್. ಮೂರೂ ಮಷಿನ್ ನಿಲ್ಲುವುದೇ ತಾನೇ?

“ಶಟ್‌ಡೌನ್ ನಾವು ಮಾಡೂದು, ಮೊದಲೇ ತಾರೀಖ್ ಗೊತ್ತಿರ್ತದ. ಬ್ರೇಕ್‌ಡೌನ್ ಆಗೂದು, ಯಾರಿಗೂ ಗೊತ್ತಿರಂಗಿಲ್ಲ. ಟ್ರಿಪ್ ಅಂದ್ರ ಏನೋ ಕೆಡ್ಲಿಕತ್ತದ ಅಂತ ಮಷಿನ್ ತಾನೇ ತನ್ನ ಜೀವ ಉಳಸ್ಕೊಳ್ಳಾಕ ನಿಲ್ಲೂದು.”

ಮಾಡುವುದು, ಆಗುವುದು, ತಾನೇ ನಿಲ್ಲುವುದು. ಮೂರು ಸಮಾನಾರ್ಥಕಗಳ ಭೇದವನ್ನು ಮೂರು ಕ್ರಿಯಾಪದಗಳಲ್ಲಿ ಕೊಯ್ದು ಕೈಗಿಟ್ಟರು. ಇವರು ಎಂಟನೆಯ ತರಗತಿಯ ಆಚೆ ಓದಿದವರಲ್ಲ. ಇವರ ಮೊಮ್ಮಗ ಬಿ.ಕಾಂ. ಮುಗಿಸಿ ‘ಸ್ಟಾಪ್’ ಪದಕ್ಕೆ ಸೀಸ್, ಹಾಲ್ಟ್, ಟರ್ಮಿನೇಟ್, ಡಿಸ್ಕಂಟಿನ್ಯೂ ಎಂದು ಉರು ಹೊಡೆಯುತ್ತಿದ್ದಾನೆ. ಮನೆಯಲ್ಲೇ ಇಂಥ ಗುರು ಇರುವಾಗ ಹುಡುಗ ಶೀಟಿನ ಮುಂದೆ ಯಾಕೆ ನಿಲ್ಲಬೇಕು ಎಂಬುದು ನನಗೆ ತಿಳಿಯುತ್ತಿಲ್ಲ.

ವಾಡಿ ಜಂಕ್ಷನ್

ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ನಿಜಾಮರ ರಾಜ್ಯದ ರೈಲುದಾರಿ ಹೈದರಾಬಾದಿನ ಕಡೆಯಿಂದ ಬಂದು ವಾಡಿಯಲ್ಲಿ ಕೂಡಿತು. ಜಂಕ್ಷನ್ ಎಂಬ ಪದ ಅಂದಿನಿಂದ ಈ ಊರಿನ ಹೆಸರಿನ ಬಾಲ. ಇಲ್ಲಿ ಕೂತು ಅನೌನ್ಸ್‌ಮೆಂಟ್ ಕೇಳುವುದು ಒಳ್ಳೆಯ ಇಂಗ್ಲಿಷ್ ಪಾಠ. ಲೇಟ್, ರೀಶೆಡ್ಯೂಲ್ಡ್, ಡೈವರ್ಟೆಡ್, ಕ್ಯಾನ್ಸಲ್ಡ್.

ಗಂಟುಮೂಟೆಯ ಜೊತೆ ಮುಂಬೈ ಗಾಡಿಗೆ ಕಾಯುತ್ತಿದ್ದ ತಾಯಿಯೊಬ್ಬರು ಮಗನಿಗೆ ಹೇಳುತ್ತಿದ್ದರು: “ಲೇಟ್ ಅಂದ್ರ ಗಾಡಿ ಹೊಂಟದ, ಹಾದ್ಯಾಗ ಅದ. ರೀಶೆಡ್ಯೂಲ್ ಅಂದ್ರ ಇನ್ನಾ ಹೊಂಟೇ ಇಲ್ಲ. ನೀ ಉಂಡು ಮಲ್ಕೋ.” ಆ ಮಾತಿನ ಮೇಲೆ ಮಗ ಬುತ್ತಿ ಬಿಚ್ಚಿದ. ಪದದ ಅರ್ಥ ಸರಿಯಾಗಿ ಗೊತ್ತಿದ್ದರೆ ಉಣ್ಣಲು ಹೊತ್ತಿದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

1987ರ ಕೊಬಿಲ್ಡ್ ಎಂಬ ಇಂಗ್ಲಿಷ್ ನಿಘಂಟು ಹೊಸ ಪದ್ಧತಿ ತಂದಿತೆಂದು ಹೆಸರಾಯಿತು. ಪದದ ಮುಂದೆ ಅರ್ಥ ಬರೆಯುವ ಬದಲು, ಇಂಥವರು ಇಂಥ ಹೊತ್ತಿನಲ್ಲಿ ಹೀಗೆ ಮಾಡಿದರೆ ಅದಕ್ಕೆ ಈ ಪದ ಹೇಳುತ್ತಾರೆ ಎಂದು ಪೂರ್ತಿ ವಾಕ್ಯದಲ್ಲಿ ವಿವರಿಸುವ ಪದ್ಧತಿ. ಆ ತಾಯಿ ಹೇಳಿದ್ದೂ ಹಾಗೆಯೇ. ನಮ್ಮ ಅಜ್ಜಿಯರೆಲ್ಲ ಅರ್ಥ ಹೇಳುವುದೂ ಹಾಗೆಯೇ: “ಯಾರರ ಹಿಂಗ್ ಮಾಡಿದ್ರ ಅದಕ್ಕ ಹಂಗ ಅಂತಾರ.” ಈ ಧಾಟಿ ನಮ್ಮ ಇಂಗ್ಲಿಷ್ ಪಾಠದ ವಹಿಯೊಳಗೆ ಕಾಲಿಟ್ಟಿಲ್ಲ.

ಶಹಾಬಾದ, ಮುತ್ಯಾನ ವಹಿ

ಇಲ್ಲಿ ಹಳಬರು ಇಂಗ್ಲಿಷ್ ಕಲಿತದ್ದು ಉರ್ದುವಿನ ಮೂಲಕ. 1948ರ ಸೆಪ್ಟೆಂಬರ್ ತನಕ ಈ ಭಾಗ ನಿಜಾಮರ ರಾಜ್ಯ. ಕಚೇರಿಯ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದು. ಇಂಗ್ಲಿಷ್ ಪಠ್ಯಗಳನ್ನು ಉರ್ದುವಿಗೆ ತರಲು, ಅವಕ್ಕೆ ಬೇಕಾದ ಪದ ಕಟ್ಟಲು ಹೈದರಾಬಾದಿನಲ್ಲಿ ಒಂದು ಅನುವಾದ ಇಲಾಖೆಯೇ ಇತ್ತು.

ಆ ಕಾಲದಲ್ಲಿ ಶಾಲೆಗೆ ಹೋದ ಒಬ್ಬ ಮುತ್ಯಾ ತಮ್ಮ ಹಳೆಯ ಅಭ್ಯಾಸ ನೆನೆದು ನನ್ನ ವಹಿಯ ಒಂದು ಪುಟದಲ್ಲಿ ಬರೆದು ತೋರಿಸಿದರು. ಎಡ ಅಂಚಿನಿಂದ ಇಂಗ್ಲಿಷ್ ಪದ ಬಲಕ್ಕೆ ಹೊರಡುತ್ತದೆ, ಬಲ ಅಂಚಿನಿಂದ ಉರ್ದು ಎಡಕ್ಕೆ ಬರುತ್ತದೆ, ನಡುವೆ ಉಳಿದ ಜಾಗದಲ್ಲಿ ಕನ್ನಡ. ‘ಆನರ್’ ಎಂದು ಬರೆದು ಅದರ ಎದುರು ಇಜ್ಜತ್, ನಡುವೆ ಮರ್ಯಾದೆ, ಗೌರವ, ಮಾನ ಎಂದು ತುಂಬಿದರು. ಎಲ್ಲವೂ ಒಂದೇನಾ ಮುತ್ಯಾ ಎಂದೆ.

“ಒಂದೇ ಹೆಂಗಾಗ್ತದಪಾ? ಇಜ್ಜತ್ ಹೋಗ್ತದ. ಗೌರವ ಕೊಡ್ತಾರ. ಮಾನ ಉಳಸ್ಕೋತಾರ. ಮರ್ಯಾದಿ ಇಟ್ಟು ಮಾತಾಡ್ತಾರ. ‘ಗೌರವ ಉಳಸ್ಕೊಂಡ’ ಅಂತ ಎಲ್ಲ್ಯರ ಕೇಳೀದೇನು?”

ಈ ನಾಲ್ಕು ಸಣ್ಣ ವಾಕ್ಯಗಳನ್ನು ಆ ಓದುವ ಕೋಣೆಯ ಗೋಡೆಗೆ ಅಂಟಿಸಬೇಕು ಎಂದು ನನಗೆ ಅನ್ನಿಸಿತು. ಒಂದೊಂದು ನಾಮಪದವೂ ತನ್ನದೇ ಕ್ರಿಯಾಪದದ ಕೈ ಹಿಡಿದುಕೊಂಡು ಬರುತ್ತದೆ. ಇಂಗ್ಲಿಷಿನಲ್ಲೂ ರೆಸ್ಪೆಕ್ಟ್ ಎಂಬುದನ್ನು ‘ಶೋ’ ಮಾಡುತ್ತಾರೆ, ‘ಅರ್ನ್’ ಮಾಡುತ್ತಾರೆ, ‘ಪೇ’ ಕೂಡ ಮಾಡುತ್ತಾರೆ. ಡಿಗ್ನಿಟಿಯನ್ನು ‘ಮೇಂಟೇನ್’ ಮಾಡುತ್ತಾರೆ, ಆದರೆ ಅದನ್ನು ‘ಪೇ’ ಮಾಡುವುದಿಲ್ಲ. ಪಟ್ಟಿಯಲ್ಲಿ ರೆಸ್ಪೆಕ್ಟಿನ ಪಕ್ಕದಲ್ಲೇ ಡಿಗ್ನಿಟಿ ಇರುವುದನ್ನು ನೋಡಿದ ಮಗು ‘ಪೇ ಡಿಗ್ನಿಟಿ’ ಎಂದು ಬರೆದರೆ ತಪ್ಪು ಮಗುವಿನದಲ್ಲ, ಪಟ್ಟಿಯದು.

ಪದವನ್ನು ತಿಳಿಯಬೇಕಾದರೆ ಅದು ಯಾರ ಸಂಗಡ ಓಡಾಡುತ್ತದೆ ಎಂಬುದನ್ನು ನೋಡಬೇಕು ಎಂದು 1957ರಲ್ಲಿ ಜೆ.ಆರ್. ಫರ್ತ್ ಎಂಬ ಭಾಷಾವಿಜ್ಞಾನಿ ಬರೆದರು. ಅವರು ಲಂಡನ್ನಿನಲ್ಲಿ ಹೆಸರು ಮಾಡುವ ಮೊದಲು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದವರು. ವೆಸ್ಟ್ ಢಾಕಾದಲ್ಲಿ, ಫರ್ತ್ ಲಾಹೋರಿನಲ್ಲಿ. ಇಂಗ್ಲಿಷ್ ಕಲಿಸುವ ವಿದ್ಯೆಯ ಎರಡು ದೊಡ್ಡ ಹೊಳಹುಗಳ ಹಿಂದೆ, ಮನೆಯಲ್ಲಿ ಬೇರೆ ನುಡಿ ಆಡುವ ಈ ಉಪಖಂಡದ ಮಕ್ಕಳು ಕೂತ ತರಗತಿಗಳಿವೆ. ಆ ಮಕ್ಕಳು ಎತ್ತಿದ ಪ್ರಶ್ನೆಗಳಿಗೆ ಸಿಕ್ಕ ಉತ್ತರ ತಿರುಗಿ ಅವರ ಮೊಮ್ಮಕ್ಕಳ ಕೈಗೆ ಬಂದು ಸೇರಲಿಲ್ಲ ಎಂಬುದು ನನ್ನ ದುಃಖ.

ಮಳಖೇಡ, ಕಾಗಿಣಾ ದಂಡೆ

ಸೇಡಂ ತಾಲ್ಲೂಕಿನ ಮಳಖೇಡ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ಸುಮಾರು 850ರ ಕಾಲದ್ದು ಎಂದು ಎಲ್ಲರೂ ಹೇಳುತ್ತಾರೆ. ಯಾವ ಪದ ಯಾವ ಪದದ ಜೊತೆ ಕೂಡಬಾರದು ಎಂಬುದನ್ನು ಕುರಿತೂ ಅದರಲ್ಲಿ ಗಟ್ಟಿ ಮಾತುಗಳಿವೆ. ತಿಳಿಯದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸಿದರೆ ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಆ ಕಾಲದಲ್ಲೇ ಎಚ್ಚರಿಸಿದ್ದಾರೆ.

ನನ್ನನ್ನು ಇಲ್ಲಿಗೆ ಕರೆತಂದದ್ದು ಇನ್ನೊಂದು ಹೆಸರು, ಹಲಾಯುಧ. ಹತ್ತನೆಯ ಶತಮಾನದಲ್ಲಿ ಮೂರನೆಯ ಕೃಷ್ಣನ ಆಶ್ರಯದಲ್ಲಿದ್ದವನು. ಅವನ ‘ಅಭಿಧಾನರತ್ನಮಾಲಾ’ ಸಂಸ್ಕೃತದ ಸಮಾನಾರ್ಥಕಗಳ ಕೋಶ. ಸ್ವರ್ಗ, ಭೂಮಿ, ಪಾತಾಳ, ಸಾಮಾನ್ಯ, ಅನೇಕಾರ್ಥ ಎಂದು ಐದು ಕಾಂಡ. ಅಮರಕೋಶದಂತೆ ಪದ್ಯದಲ್ಲಿದೆ, ಬಾಯಿಪಾಠಕ್ಕೆ ಸುಲಭವಾಗಲೆಂದು. 1861ರಲ್ಲಿ ಆಫ್ರೆಕ್ಟ್ ಎಂಬ ಜರ್ಮನ್ ವಿದ್ವಾಂಸ ಅದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ಒಂಬತ್ತು ವರ್ಷ ಮೊದಲು, 1852ರಲ್ಲಿ, ಪೀಟರ್ ರೋಜೆಯ ಇಂಗ್ಲಿಷ್ ಥಿಸಾರಸ್ ಅದೇ ಊರಲ್ಲಿ ಬಂದಿತ್ತು. ಪದಗಳನ್ನು ಅಕಾರಾದಿಯಲ್ಲಿ ಇಡದೆ ವಿಷಯವಾರು ಗುಂಪು ಮಾಡುವುದು ಎರಡರದ್ದೂ ರೀತಿ.

ಆದರೆ ಹಲಾಯುಧ ಪಟ್ಟಿ ಮಾಡಿ ಕೈತೊಳೆದುಕೊಳ್ಳಲಿಲ್ಲ. ಅವನದೇ ಇನ್ನೊಂದು ಕೃತಿ ‘ಕವಿರಹಸ್ಯ’. ಅದರಲ್ಲಿ ರಾಜನನ್ನು ಹೊಗಳುವ ಪದ್ಯಗಳಿವೆ, ಹೊಗಳಿಕೆಯ ನೆಪದಲ್ಲಿ ಕಲಿಸುವುದು ಧಾತುಗಳನ್ನು. ಕೇಳಲು ಒಂದೇ ಥರ ಇರುವ ಕ್ರಿಯಾಪದಗಳು ಹೇಗೆ ಬೇರೆ ಬೇರೆ ರೂಪ ತಾಳುತ್ತವೆ ಎಂಬುದನ್ನು ವಾಕ್ಯದಲ್ಲಿ ಕೂರಿಸಿ ತೋರಿಸುತ್ತಾನೆ. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಬಳಕೆ. ಹಿಂದಿನ ವಿದ್ಯಾರ್ಥಿ ಅಮರ ಉರು ಹೊಡೆದ ಮೇಲೆ ಕಾವ್ಯಕ್ಕೆ ಹೋಗುತ್ತಿದ್ದ. ಉರು ಹೊಡೆದ ಪದ ಅಲ್ಲಿ ನಡೆದಾಡುವುದನ್ನು ಕಾಣುತ್ತಿದ್ದ. ಇವತ್ತಿನ ಮಕ್ಕಳಿಗೆ ಆ ಪದ್ಧತಿಯ ಮೊದಲರ್ಧ ಮಾತ್ರ ದಕ್ಕಿದೆ. ಅವರು ಗೋಡೆಯ ಪಟ್ಟಿಯಿಂದ ನೇರವಾಗಿ ಪರೀಕ್ಷೆಯ ಹಾಲಿಗೆ ಹೋಗುತ್ತಾರೆ, ನಡುವೆ ಒಂದು ಇಂಗ್ಲಿಷ್ ಕತೆಯಾಗಲಿ ಪತ್ರಿಕೆಯ ಒಂದು ಪುಟವಾಗಲಿ ಇಲ್ಲ. ಉರು ಹೊಡೆಯುವುದೇ ಕೆಟ್ಟದ್ದು ಎಂದು ಹೇಳುವವರ ಜೊತೆ ನಾನಿಲ್ಲ. ಈ ನೆಲದಲ್ಲಿ ಅದು ಸಾವಿರ ವರ್ಷದ ವಿದ್ಯೆ. ಕಡಿದುಹೋದದ್ದು ಅದರ ಮುಂದಿನ ದಾರಿ.

ಚಿತ್ತಾಪುರ

ಪಟ್ಟಣದ ಮಗ್ಗುಲಲ್ಲೇ ನಾಗಾವಿ. ಅರವತ್ತು ಕಂಬದ ಗುಡಿ ಈಗಲೂ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲೊಂದು ಘಟಿಕಾಸ್ಥಾನವಿತ್ತು. 1058ರ ಶಾಸನದಲ್ಲಿ ಉಪಾಧ್ಯಾಯರು, ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರ ಲೆಕ್ಕವೂ ಇದೆ. ಪುಸ್ತಕ ಕಾಯಲೆಂದೇ ಆರು ಜನ. ನಮ್ಮ ಓದುವ ಕೋಣೆಗಳಲ್ಲಿ ಕುರ್ಚಿ, ಫ್ಯಾನು, ವೈಫೈ ಇವೆ. ಕೇಳಿದ ಪದಕ್ಕೆ ಯಾವ ಪುಸ್ತಕದ ಯಾವ ಪುಟ ತೆಗೆಯಬೇಕೆಂದು ಹೇಳುವ ಒಬ್ಬ ಭಂಡಾರಿಗ ಇದ್ದರೆ ಎಷ್ಟು ಹಗುರಾದೀತು.

ತಹಶೀಲ ಕಚೇರಿಯ ಎದುರು ಅರ್ಜಿ ಬರೆದುಕೊಡುವವರ ಮೇಜುಗಳು. ಅಲ್ಲಿ ಹಿರಿಯರೊಬ್ಬರು ಬಂದವರ ಮಾತು ಪೂರ್ತಿ ಕೇಳಿದ ಮೇಲೆಯೇ ಪೆನ್ನು ಎತ್ತುತ್ತಾರೆ. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಅರ್ಜಿ, ರಸ್ತೆ ಬೇಕೆಂದು ಊರವರೆಲ್ಲ ಬಂದರೆ ಮನವಿ, ಸರಕಾರಿ ಜಮೀನು ಮಂಜೂರಿಗೆ ದರಖಾಸ್ತು, ಪಕ್ಕದ ಹೊಲದವನು ಒತ್ತಿದ್ದರೆ ತಕರಾರು, ಹೊಡೆದಿದ್ದರೆ ಫಿರ್ಯಾದಿ. ತಪ್ಪು ಪದ ಹಾಕಿದರೆ ಕಾಗದ ತಪ್ಪು ಟೇ‌ಬಲ್ಲಿಗೆ ಹೋಗುತ್ತದೆ, ಬಡವನ ಒಂದು ದಿನದ ಕೂಲಿ ಮುರಿಯುತ್ತದೆ. ಕನ್ನಡ, ಸಂಸ್ಕೃತ, ಪಾರಸಿ, ಅರಬಿ ಮೂಲದ ಪದಗಳೆಲ್ಲ ಒಂದೇ ಮೇಜಿನ ಮೇಲೆ, ಒಂದೊಂದಕ್ಕೆ ಒಂದೊಂದು ಕೆಲಸ. ಅಪ್ಲಿಕೇಶನ್, ರಿಕ್ವೆಸ್ಟ್, ಪಿಟಿಶನ್, ಅಪೀಲ್, ಕಂಪ್ಲೇಂಟ್ ಎಂಬ ಐದನ್ನು ಕಲಿಸಲು ಈ ಮೇಜಿನ ಮುಂದೆ ಅರ್ಧ ದಿನ ಕೂರಿಸಿದರೆ ಸಾಕು. ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ಹೇಳಿದ್ದೇನೆ, ಮಕ್ಕಳನ್ನು ಕರೆತರುತ್ತೇನೆ ಎಂದಿದ್ದಾರೆ.

ಸೇಡಂ, ತೊಗರಿ

ಎರಡು ಪದ ಪೂರಾ ಒಂದೇ ಆಗಿರಲು ಸಾಧ್ಯವೇ ಇಲ್ಲವೇ? ತೊಗರಿಯನ್ನು ನೋಡಿ. ಇಂಗ್ಲಿಷಿನಲ್ಲಿ ರೆಡ್ ಗ್ರಾಮ್, ಪಿಜನ್ ಪೀ. ಗಿಡ ಒಂದೇ, ಕಾಳು ಒಂದೇ. ಆದರೂ ನಮ್ಮ ಕೃಷಿ ಇಲಾಖೆಯ ಕಾಗದದಲ್ಲಿ ರೆಡ್ ಗ್ರಾಮ್, ಪಟಾಂಚೆರುವಿನ ಇಕ್ರಿಸ್ಯಾಟ್ ಸಂಶೋಧನೆಯಲ್ಲಿ ಪಿಜನ್ ಪೀ. 2019ರಲ್ಲಿ ಭೌಗೋಳಿಕ ಗುರುತು ಪಡೆದಾಗ ಎರಡೂ ಬೇಡವಾಗಿ ‘ಗುಲ್ಬರ್ಗಾ ತೂರ್ ದಾಲ್’. ವಸ್ತು ಒಂದೇ ಇದ್ದರೂ ಬಳಸುವವರು ಬೇರೆ.

ಚಿಂಚೋಳಿ ಕಡೆ, ಏಪ್ರಿಲ್

ಬೇಸಿಗೆ ರಜೆಯಲ್ಲಿ ಒಂದು ಕಟ್ಟೆಯ ಮೇಲೆ ಏಳೆಂಟು ಮಕ್ಕಳು. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು, ತಾಂಡಾದವರದು ಗೋರ್‌ಬೋಲಿ, ಒಬ್ಬನದು ದಖನಿ. ‘ಹಾಟ್’ ಪದದ ಮುಂದೆ ಸ್ಕಾರ್ಚಿಂಗ್, ಸಲ್ಟ್ರಿ, ವಾರ್ಮ್, ಹ್ಯೂಮಿಡ್ ಎಂದು ಬರೆದುಕೊಟ್ಟು, ಅರ್ಥ ಹೇಳದೆ ನಾಲ್ಕು ಪುಟ್ಟ ವಿವರಣೆಗಳನ್ನು ಮಾತ್ರ ಓದಿದೆ. ಮೈ ಸುಡುವಷ್ಟು ಬಿಸಿಲು. ಗಾಳಿ ಇಲ್ಲದೆ ಬೆವರು ಆರದ ಬಿಸಿ. ಗಾಳಿಯಲ್ಲಿ ನೀರಿನ ಪಸೆ. ಹಿತವಾದ ಬಿಸಿ.

ಉರಿಬಿಸಿಲು ಎಂದು ಮೊದಲನೆಯದಕ್ಕೆ ಎಲ್ಲರೂ ಕೂಗಿದರು. ಎರಡನೆಯದಕ್ಕೆ ಒಬ್ಬಳು, “ಮಳಿ ಬರೂ ಮುಂಚೆ ಗಾಳಿ ನಿಂತು ಕುದಿಸ್ತದಲ್ರಿ, ಅದು” ಎಂದಳು. ಅವಳ ಬೆರಳು ತಾನಾಗಿ ಸಲ್ಟ್ರಿಯ ಮೇಲೆ ಬಂತು. ಹ್ಯೂಮಿಡ್ ಬೇರೆ, ಸಲ್ಟ್ರಿ ಬೇರೆ ಎಂದು ಅವರೇ ಜಗಳಾಡಿ ತೀರ್ಮಾನಿಸಿದರು: ಹ್ಯೂಮಿಡ್ ಗಾಳಿಯ ಗುಣ, ಸಲ್ಟ್ರಿ ನಮ್ಮ ಮೈಗೆ ಆಗುವ ಸಂಕಟ. ಝಳಕ್ಕೆ ಮಾತ್ರ ನಾಲ್ಕರಲ್ಲೂ ಜಾಗ ಸಿಗಲಿಲ್ಲ. ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಹೊಡೆಯುವ ಆ ಬಿಸಿಗಾಳಿಗೆ ಸಾಕಷ್ಟು ಹುಡುಕಿಯೂ ಒಂದೇ ಪದ ಕೊಡಲಾಗಲಿಲ್ಲ, ಎರಡು ಪದ ಸೇರಿಸಿ ‘ಹಾಟ್ ವಿಂಡ್’ ಎಂದು ಬರೆದುಕೊಂಡರು.

ವಾರ್ಮ್ ಹತ್ತಿರ ಬಂದಾಗ ಎಲ್ಲ ಕೆಟ್ಟಿತು. ಪುಸ್ತಕದಲ್ಲಿ ‘ವಾರ್ಮ್ ವೆಲ್ಕಮ್’ ಎಂದಿದೆ. ಕಾಯ್ದ ಹಂಚಿನಂಥ ಏಪ್ರಿಲಿನಲ್ಲಿ ಕೂತ ಮಕ್ಕಳಿಗೆ, ಬಂದವರನ್ನು ಬಿಸಿಯಾಗಿ ಕರೆಯುವುದು ಒಳ್ಳೆಯದು, ‘ಕೋಲ್ಡ್’ ಆಗಿ ಮಾತಾಡುವುದು ಕೆಟ್ಟದ್ದು ಎಂಬುದು ಹೇಗೆ ಒಪ್ಪಿಗೆಯಾಗಬೇಕು? “ನಮ್ಮ ಆಯಿ ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಅಂತಾಳ್ರಿ. ಅದು ಕೆಟ್ಟದ್ದೇನ್ರಿ?” ಎಂದು ತಾಂಡಾದ ಪಕ್ಕದ ಊರಿನ ಹುಡುಗ ಕೇಳಿದ. ಅವನ ಪ್ರಶ್ನೆಗೆ ಸಮಾನಾರ್ಥಕಗಳ ಯಾವ ಪಟ್ಟಿಯಲ್ಲೂ ಉತ್ತರವಿಲ್ಲ. ಇಂಗ್ಲಿಷ್ ಬೆಳೆದ ಊರಿನಲ್ಲಿ ಹೊರಗೆ ಚಳಿ, ಒಳಗೆ ಬೆಂಕಿ, ಬಂದವರನ್ನು ಬೆಂಕಿಯ ಹತ್ತಿರ ಕೂರಿಸುವುದೇ ಪ್ರೀತಿ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ವಿವರಣೆ ತಾವೇ ಬರೆಯುತ್ತೇವೆ ಎಂದರು.

ಬರೆದದ್ದು ಹೀಗೆ: ‘ವಾರ್ಮ್ ವೆಲ್ಕಮ್: ಬಂದವರನ್ನ ನೋಡಿ ಖುಷಿಯಾಗಿ ಒಳಗ ಕರದು, ನೀರು ಕೊಟ್ಟು, ಊಟ ಮಾಡಿ ಹೋಗ್ರಿ ಅನ್ನೋದು.’

ಪರೀಕ್ಷೆಯಲ್ಲಿ ಈ ‘ವಾರ್ಮ್’ಗೆ ‘ಕಾರ್ಡಿಯಲ್’ ಎಂಬ ಆಯ್ಕೆ ಬರಬಹುದು ಎಂದು ಅದನ್ನೂ ಕೆಳಗೆ ಸೇರಿಸಿಕೊಂಡೆವು. ಹೊಸ ನಿಯಮ ಮಕ್ಕಳೇ ಮಾಡಿದ್ದು: ಹೊಸ ಪದ ವಹಿಗೆ ಬರಬೇಕಾದರೆ ಒಂದು ಸಣ್ಣ ವಿವರಣೆ, ಅದರ ಜೊತೆಗಾರ ಪದ ಒಂದು, ಚಿಂಚೋಳಿಯಲ್ಲೇ ನಡೆದ ಸಂಗತಿಯ ಒಂದು ವಾಕ್ಯ, ಇಷ್ಟೂ ಬೇಕು. ಕಾರ್ಡಿಯಲ್ಲಿಗೆ ವಿವರಣೆ ಸಿಕ್ಕಿದೆ, ‘ರಿಲೇಶನ್ಸ್’ ಎಂಬ ಜೊತೆಗಾರನೂ ಸಿಕ್ಕಿದ್ದಾನೆ. ವಾಕ್ಯಕ್ಕೆ ಪಂಚಾಯಿತಿಯ ಎರಡು ಪಾರ್ಟಿಯವರನ್ನು ತರಬಹುದೋ ಇಲ್ಲವೋ ಎಂಬ ವಾದ ಇನ್ನೂ ನಡೆದಿದೆ.